ಜೋಳದ ಮೇಲೆ ಕಡಲೆ ಯಾಕೆ ಏಳಲಿಲ್ಲ?

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಪತ್ರ ಸ್ವಲ್ಪ ಉದ್ದ ಆಗುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಜಾಗ ಸಾಲದಿದ್ದರೆ ನಡುವೆ ಎಲ್ಲಿ ಬೇಕಾದರೂ ಕತ್ತರಿಸಿ, ಆದರೆ ಕೊನೆಗೆ ಕೇಳಿರುವುದನ್ನು ಮಾತ್ರ ಬಿಡಬೇಡಿ.

ನಮ್ಮದು ಹಾವೇರಿ ಜಿಲ್ಲೆ, ಆರು ಎಕರೆ ಎರೆ ಹೊಲ. ಹೋದ ವರ್ಷ ಮುಂಗಾರಿಗೆ ಎರಡು ಎಕರೆಗೆ ಹೈಬ್ರಿಡ್ ಜೋಳ ಹಾಕಿದ್ದೆವು. ಜೋಳ ಕೊಯ್ದಾಯಿತು, ಕಣಿಕೆ ಬಣವೆಗೆ ಹೋಯಿತು. ನೆಲದಲ್ಲಿ ಇನ್ನೂ ಹಸಿ ಇತ್ತು. ಈ ಹಸಿ ಆರುವ ಮೊದಲು ಕಡಲೆ ಬಿತ್ತಿಬಿಡೋಣ ಅಂತ ಅವಸರ ಮಾಡಿ, ಕೂಳೆ (ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಬುಡ) ಆರಿಸದೆ ಹಾಗೇ ಹರಗಿ, ಒಂದೇ ವಾರದಲ್ಲಿ ಕೂರಿಗೆ ಹೂಡಿದೆವು. ಕಡಲೆ ಹುಟ್ಟಿತು, ಇಲ್ಲ ಅನ್ನುವುದಿಲ್ಲ. ಆದರೆ ಒಂದೇ ಸಮ ಹುಟ್ಟಲಿಲ್ಲ. ಕೂಳೆ ದಟ್ಟವಾಗಿದ್ದ ಸಾಲುಗಳಲ್ಲಿ, ಸೂಡು ಕಟ್ಟಿ ಒಟ್ಟಿದ್ದ ಜಾಗಗಳಲ್ಲಿ ಗಿಡ ಹಳದಿಯಾಗಿ ಗೇಣುದ್ದಕ್ಕೇ ನಿಂತುಬಿಟ್ಟಿತು. ಬದುವಿನ ಮೇಲಿಂದ ನೋಡಿದರೆ ಸೂಡು ಎಲ್ಲೆಲ್ಲಿ ಇಟ್ಟಿದ್ದೆವು ಅಂತ ಲೆಕ್ಕ ಹಾಕಬಹುದಿತ್ತು, ಹೊಲದ ಮೇಲೆ ಯಾರೋ ಅರಿಶಿನದ ಬೊಟ್ಟು ಇಟ್ಟ ಹಾಗೆ. ಪಕ್ಕದಲ್ಲೇ ಹೆಸರುಕಾಳು ತೆಗೆದ ಹೊಲ. ಅದೇ ಬೀಜ, ಅದೇ ದಿನದ ಬಿತ್ತಿಗೆ. ಅಲ್ಲಿ ಕಡಲೆ ಕಪ್ಪಗೆ ಹಬ್ಬಿತ್ತು.

ಅವ್ವ ಬಂದು ನೋಡಿ, ‘ಜೋಳದ ಬೇರು ಇನ್ನೂ ಜೀವಂತ ಅದಾವು, ನೆಲಕ್ಕ ಸ್ವಲ್ಪ ಉಸಿರು ಬಿಡಬೇಕಿತ್ತು’ ಅಂದಳು. ಗೊಬ್ಬರದ ಅಂಗಡಿಯಲ್ಲಿ ಕೇಳಿದರೆ ಒಂದು ಬಾಟಲಿ ಕೈಗಿಟ್ಟು ಹೊಡೆಯಿರಿ ಅಂದರು. ಬಾಟಲಿಯಲ್ಲಿ ಏನಿದೆ ಅಂತ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಾಗಲಿಲ್ಲ, ಕಡಲೆಗಂತೂ ಗೊತ್ತಾಗಲೇ ಇಲ್ಲ.

ಆಮೇಲೆ ಓದುತ್ತಾ ಹೋದೆ. ಅವ್ವ ಹೇಳಿದ್ದಕ್ಕೆ ಒಂದು ಶಾಸ್ತ್ರವೇ ಇದೆ ಅಂತ ತಿಳಿಯಿತು. ಹೆಸರು ಅಲ್ಲೆಲೋಪಥಿ. ಒಂದು ಗಿಡ ತನ್ನ ಬೇರಿನಿಂದ, ಉದುರಿದ ಎಲೆಯಿಂದ, ಕೊಳೆಯುವ ಕೂಳೆಯಿಂದ ರಾಸಾಯನಿಕ ಬಿಟ್ಟು ಪಕ್ಕದ ಗಿಡದ ಬೆಳವಣಿಗೆಯನ್ನು ತಡೆಯುವುದು, ಕೆಲವೊಮ್ಮೆ ಹೆಚ್ಚಿಸುವುದು ಕೂಡ. ಈ ಹೆಸರನ್ನು 1937ರಲ್ಲಿ ಇಟ್ಟವರು ಆಸ್ಟ್ರಿಯಾದ ಸಸ್ಯವಿಜ್ಞಾನಿ ಹಾನ್ಸ್ ಮೋಲಿಶ್. ಹೆಸರು ಹೊಸದು, ಸಂಗತಿ ಬಹಳ ಹಳೆಯದು. ಗ್ರೀಸಿನ ಥಿಯೋಫ್ರಾಸ್ಟಸ್ ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಬರೆದಿದ್ದಾನೆ: ಕಡಲೆ ಬೆಳೆ ನೆಲವನ್ನು ಸೊರಗಿಸುತ್ತದೆ, ಆದರೆ ಕಸವನ್ನು ಕೊಲ್ಲುತ್ತದೆ, ಅದರಲ್ಲೂ ನೆಗ್ಗಿಲನ್ನು ಎಲ್ಲಕ್ಕಿಂತ ಮೊದಲು. ನೆಗ್ಗಿಲು ಮುಳ್ಳು ತುಳಿದ ಯಾರಿಗಾದರೂ ಈ ಮಾತು ಇಷ್ಟ ಆಗುತ್ತದೆ. ಕಡಲೆ ಗಿಡದ ಹುಳಿ ನಮಗೆ ಗೊತ್ತೇ ಇದೆಯಲ್ಲ. ರಾತ್ರಿ ಗಿಡದ ಮೇಲೆ ತೆಳು ಬಟ್ಟೆ ಹಾಸಿ, ಬೆಳಗಿನ ಜಾವ ಇಬ್ಬನಿ ಸಮೇತ ಹಿಂಡಿ ಕಡಲೆ ಹುಳಿ ಮಾಡುತ್ತಿದ್ದರು, ಹೊಟ್ಟೆನೋವಿಗೆ ಅಂತ. ಅದು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ. ನೆಗ್ಗಿಲನ್ನು ಕೊಲ್ಲುವುದು ಅದೇ ಹುಳಿ ಅಂತ ನಾನು ಹೇಳುತ್ತಿಲ್ಲ. ಗಿಡ ತನ್ನ ಮೈಯಿಂದ ಏನನ್ನಾದರೂ ಹೊರಗೆ ಬಿಡುತ್ತದೆ ಅನ್ನುವುದು ನಮಗೆ ಹೊಸ ಸುದ್ದಿ ಅಲ್ಲ, ಅಷ್ಟೇ.

ಈಗ ಜೋಳದ ಕತೆಗೆ ಬರೋಣ. ಜೋಳ ಈ ವಿದ್ಯೆಯಲ್ಲಿ ದೊಡ್ಡ ಪೈಲ್ವಾನ. ಜೋಳದ ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಬೇರು ಬೆರಳುದ್ದ ಆದಾಗ ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಬೇರಿನ ಸುತ್ತ ಬೂಜಿನಂಥ ಸಣ್ಣ ಕೂದಲು ಇರುತ್ತವೆ, ಅವುಗಳ ತುದಿಯಲ್ಲಿ ಹಳದಿ ಎಣ್ಣೆಯಂಥ ಹನಿ. ಆ ಹನಿಯಲ್ಲಿ ಬಹುಪಾಲು ಇರುವುದು ಒಂದೇ ವಸ್ತು. 1986ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಅದನ್ನು ಗುರುತಿಸಿ ಜೋಳದ ಇಂಗ್ಲಿಷ್ ಹೆಸರು ಸೋರ್ಗಮ್ ಇಟ್ಟುಕೊಂಡು ಸೋರ್ಗೋಲಿಯೋನ್ ಅಂತ ಕರೆದರು. ಅದು ಏನು ಮಾಡುತ್ತದೆ ಅನ್ನುವುದು ಇನ್ನೂ ಮಜಾ ಇದೆ. ಎಲೆಯೊಳಗೆ ಬಿಸಿಲನ್ನು ಹಿಡಿದು ಆಹಾರ ಮಾಡುವ ವ್ಯವಸ್ಥೆ ಇದೆಯಲ್ಲ, ಅದರ ಒಂದು ಕೊಂಡಿಗೆ ಹೋಗಿ ಕೂತು ಕೆಲಸ ನಿಲ್ಲಿಸುತ್ತದೆ. ನಾವು ಗೋವಿನಜೋಳಕ್ಕೆ ಕಸ ಸಾಯಲಿ ಅಂತ ಹೊಡೆಯುವ ಅಟ್ರಜಿನ್ ಕೂಡ ಹೋಗಿ ಕೂರುವುದು ಅದೇ ಕೊಂಡಿಯಲ್ಲಿ! ಅಂದರೆ ಅಂಗಡಿಯಿಂದ ದುಡ್ಡು ಕೊಟ್ಟು ತರುವ ಔಷಧದ ಕೆಲಸವನ್ನೇ ಜೋಳ ತನ್ನ ಬೇರಿನಲ್ಲಿ ಸುಮ್ನೆ ಮಾಡಿಕೊಂಡು ಕೂತಿದೆ. ಇದರ ಏಟು ಜಾಸ್ತಿ ಬೀಳುವುದು ಆಗ ತಾನೇ ಮೊಳೆತ ಎಳೆ ಸಸಿಗಳಿಗೆ, ಅದರಲ್ಲೂ ಸಣ್ಣ ಕಾಳಿನ ಕಸಕ್ಕೆ.

ಇದನ್ನು ಕೂಳೆ ಚಿಗುರಿನ ವಿಷದ ಜೊತೆ ಕಲಸಬೇಡಿ. ಮಳೆ ಕೈಕೊಟ್ಟಾಗ ಎಳೆ ಜೋಳವನ್ನೋ ಕೂಳೆಯ ಚಿಗುರನ್ನೋ ದನ ಮೇಯ್ದು ನೋಡುನೋಡುತ್ತಲೇ ಬೀಳುತ್ತವಲ್ಲ, ಅದು ಧುರಿನ್ ಅನ್ನುವ ಬೇರೆ ವಸ್ತು, ದನದ ಹೊಟ್ಟೆಯಲ್ಲಿ ಸಯನೈಡ್ ಆಗುತ್ತದೆ. ಒಂದೇ ಗಿಡ, ಶತ್ರುಗಳು ಬೇರೆ ಬೇರೆ, ಆಯುಧಗಳೂ ಬೇರೆ ಬೇರೆ.

ಪಾಕಿಸ್ತಾನದ ಫೈಸಲಾಬಾದ್ ಕೃಷಿ ವಿಶ್ವವಿದ್ಯಾಲಯದವರು ಇದನ್ನೇ ಹಿಡಿದುಕೊಂಡು ಕೆಲಸ ಮಾಡಿದ್ದಾರೆ. ಬಲಿತ ಜೋಳದ ಕಣಿಕೆಯನ್ನು ಒಣಗಿಸಿ, ಸಣ್ಣಗೆ ಕತ್ತರಿಸಿ, ಹತ್ತು ಪಟ್ಟು ನೀರಿನಲ್ಲಿ ಒಂದು ದಿನ ನೆನೆಸಿ ಸೋಸಿ ಗೋಧಿ ಹೊಲಕ್ಕೆ ಹೊಡೆದರು. ಅದಕ್ಕೆ ಸೋರ್ಗಾಬ್ ಅಂತ ಹೆಸರು, ಆಬ್ ಅಂದರೆ ನೀರು. ಕಸ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಕಳೆನಾಶಕದ ಪ್ರಮಾಣ ಇಳಿಸಿ ಅದರ ಜೊತೆ ಈ ನೀರನ್ನು ಸೇರಿಸಿದಾಗ ಒಳ್ಳೆ ಫಲ ಸಿಕ್ಕಿತು. ನಮ್ಮಲ್ಲಿ ವಾಟ್ಸಾಪಿನಲ್ಲಿ ತಿರುಗುವಾಗ ಇದೇ ಸುದ್ದಿ ‘ಜೋಳದ ಕಷಾಯ ಹೊಡೆಯಿರಿ, ಕರಿಕೆ, ಜೇಕು ಬುಡಸಮೇತ ಸಾಯುತ್ತದೆ’ ಅಂತ ಆಗಿಬಿಟ್ಟಿರುತ್ತದೆ. ಜೇಕಿನ ಗಡ್ಡೆ ಅಷ್ಟು ಸುಲಭಕ್ಕೆ ಸಾಯುವ ಹಾಗಿದ್ದರೆ ನಮ್ಮ ಅಜ್ಜಂದಿರು ಬೆನ್ನು ಬಗ್ಗಿಸಿ ಆರಿಸುತ್ತಿರಲಿಲ್ಲ.

ನಾನೂ ಸುಮ್ಮನಿರಲಿಲ್ಲ. ಅಡುಗೆಮನೆಯಿಂದ ಮೂರು ತಟ್ಟೆ ತಂದೆ (ಮನೆಯವಳು ಬೈದಳು, ಅದು ಬೇರೆ ಮಾತು). ಒಂದೊಂದರಲ್ಲೂ ಒದ್ದೆ ಬಟ್ಟೆ ಹಾಸಿ ಐವತ್ತೈವತ್ತು ಸಾಸಿವೆ ಕಾಳು ಉದುರಿಸಿದೆ. ಒಂದಕ್ಕೆ ಬರೀ ನೀರು, ಇನ್ನೊಂದಕ್ಕೆ ಕೂಳೆ ನೆನೆಸಿದ ಗಟ್ಟಿ ನೀರು, ಮೂರನೆಯದಕ್ಕೆ ಅದನ್ನೇ ತೆಳು ಮಾಡಿದ್ದು. ನಾಲ್ಕನೇ ದಿನ ನೋಡಿದರೆ ಬರೀ ನೀರಿನ ತಟ್ಟೆಯಲ್ಲಿ ಹೆಚ್ಚು ಕಡಿಮೆ ಎಲ್ಲವೂ ಮೊಳೆತಿದ್ದವು. ಗಟ್ಟಿ ನೀರಿನ ತಟ್ಟೆಯಲ್ಲಿ ಅರ್ಧಕ್ಕರ್ಧ ಮಲಗಿದ್ದವು, ಮೊಳೆತವೂ ಬೇರಿನ ತುದಿ ಕಂದಾಗಿ ಮುದುಡಿಕೊಂಡಿದ್ದವು. ನನಗೆ ಖುಷಿಯೋ ಖುಷಿ. ಓಣಿಯಲ್ಲಿರುವ ವಿಜ್ಞಾನದ ಮಾಸ್ತರಿಗೆ ಕರೆದು ತೋರಿಸಿದೆ.

ಮಾಸ್ತರು ಹಾಗೇ ನೋಡಿ, ‘ಉಪ್ಪಿನ ನೀರು ಹಾಕಿದ್ದರೂ ಹೀಗೇ ಆಗುತ್ತಿತ್ತಲ್ರೀ, ಸಕ್ಕರೆ ನೀರು ಹಾಕಿದ್ದರೂ’ ಅಂದರು. ಗಟ್ಟಿಯಾದ ಯಾವ ದ್ರಾವಣವೇ ಆಗಲಿ, ಬೀಜಕ್ಕೆ ನೀರು ಎಳೆದುಕೊಳ್ಳಲು ಬಿಡುವುದಿಲ್ಲ. ಅದು ವಿಷವೇ ಆಗಬೇಕಿಲ್ಲ. ಜೊತೆಗೆ, ಬಟ್ಟೆ ಬೇರೆ, ಮಣ್ಣು ಬೇರೆ. ಮಣ್ಣಿನಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆ, ಅವು ಇಂಥ ವಸ್ತುಗಳನ್ನು ತಿಂದು ಅರಗಿಸಿಕೊಳ್ಳುತ್ತವೆ. ಎರೆ ಮಣ್ಣಿನ ಜಿಗುಟು ಕಣಗಳು ಅವನ್ನು ಅಂಟಿಸಿ ಹಿಡಿದುಕೊಳ್ಳುತ್ತವೆ. ತಟ್ಟೆಯಲ್ಲಿ ಸತ್ತ ಕಾಳು ಹೊಲದಲ್ಲಿ ಬದುಕಬಹುದು.

ಅಷ್ಟಕ್ಕೇ ಬಿಡಲಿಲ್ಲ ಅವರು. ‘ನಿಮ್ಮ ಕಡಲೆ ಹಳದಿಯಾಗಿತ್ತು ಅಂದಿರಿ. ಅದು ಸಾರಜನಕದ ಹಸಿವೂ ಆಗಿರಬಹುದಲ್ಲ?’ ಅಂತ ಕೇಳಿದರು. ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಜೋಳದ ಕೂಳೆಯಲ್ಲಿ ಇಂಗಾಲ ಜಾಸ್ತಿ, ಸಾರಜನಕ ಕಡಿಮೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಸಾರಜನಕ ಬೇಕೇ ಬೇಕು, ಕೂಳೆಯಲ್ಲಿ ಸಿಗದಿದ್ದರೆ ಮಣ್ಣಿನಿಂದ ಎಳೆದುಕೊಳ್ಳುತ್ತವೆ. ಕಡಲೆಯ ಬೇರಿನಲ್ಲಿ ಗಂಟು ಕಟ್ಟಿ ತನ್ನ ಸಾರಜನಕ ತಾನೇ ಮಾಡಿಕೊಳ್ಳಲು ಮೂರ್ನಾಲ್ಕು ವಾರ ಬೇಕು, ಅಲ್ಲಿಯವರೆಗೆ ಎಳೆ ಗಿಡ ಉಪವಾಸ. ಇದರಲ್ಲಿ ವಿಷದ ಮಾತೇ ಇಲ್ಲ. ಕಂಡುಹಿಡಿಯುವ ದಾರಿಯನ್ನೂ ಅವರೇ ಹೇಳಿಕೊಟ್ಟರು: ಹಳದಿ ಬಿದ್ದ ಜಾಗದಲ್ಲಿ ಒಂದು ಪಟ್ಟಿಗೆ ಮಾತ್ರ ಸ್ವಲ್ಪ ಯೂರಿಯಾ ಕೊಡಿ, ಪಕ್ಕದ ಪಟ್ಟಿ ಹಾಗೇ ಬಿಡಿ. ಕೊಟ್ಟಲ್ಲಿ ಹಸಿರು ತಿರುಗಿದರೆ ಅದು ಹಸಿವು, ತಿರುಗದಿದ್ದರೆ ಬೇರೇನೋ ಇದೆ ಅಂತ ಮುಂದೆ ಹುಡುಕಬೇಕು.

ಈ ಮಾತು ಎಷ್ಟು ದೊಡ್ಡದು ಅಂತ ಆಮೇಲೆ ಗೊತ್ತಾಯಿತು. ದೊಡ್ಡ ದೊಡ್ಡ ವಿಜ್ಞಾನಿಗಳೂ ಇಲ್ಲೇ ಜಾರಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಾಲ್ವಿಯಾ ಅನ್ನುವ ಘಮಘಮ ಪೊದೆಯ ಸುತ್ತ ಒಂದೆರಡು ಮೀಟರ್ ನೆಲ ಬೋಳಾಗಿರುತ್ತದೆ, ಹುಲ್ಲೂ ಹುಟ್ಟುವುದಿಲ್ಲ. 1964ರಲ್ಲಿ ಮುಲ್ಲರ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು, ಪೊದೆಯ ಎಲೆಯಿಂದ ಹೊರಡುವ ಸುವಾಸನೆಯ ಆವಿಯೇ ಹುಲ್ಲನ್ನು ತಡೆಯುತ್ತದೆ ಅಂತ ದೊಡ್ಡ ಪತ್ರಿಕೆಯಲ್ಲಿ ಬರೆದರು. ಜಗತ್ತು ತಲೆದೂಗಿತು. 1970ರಲ್ಲಿ ಬಾರ್ಥೊಲೊಮ್ಯೂ ಅನ್ನುವವರು ಆ ಬೋಳು ನೆಲದ ಮೇಲೆ ತಂತಿ ಜಾಲರಿಯ ಪಂಜರ ಇಟ್ಟು ನೋಡಿದರು. ಪಂಜರದೊಳಗೆ ಹುಲ್ಲು ಚೆನ್ನಾಗಿ ಬೆಳೆಯಿತು! ವಿಷಯ ಏನೆಂದರೆ ಇಲಿ, ಮೊಲ, ಹಕ್ಕಿ ಆ ಪೊದೆಯಲ್ಲಿ ಅಡಗಿಕೊಂಡು, ಹದ್ದಿಗೆ ಹೆದರಿ ದೂರ ಹೋಗದೆ, ಹತ್ತಿರದ ಹುಲ್ಲನ್ನೂ ಬೀಜವನ್ನೂ ಮೇಯ್ದು ಬೋಳು ಮಾಡುತ್ತಿದ್ದವು. ಪೊದೆಯ ರಸಾಯನದ ಪಾತ್ರ ಪೂರ್ತಿ ಸುಳ್ಳಾಯಿತು ಅಂತಲ್ಲ. ಆದರೆ ಪಂಜರ ಇಟ್ಟು ನೋಡುವ ಮೊದಲು ಇಲಿಯ ಪಾತ್ರ ಇಷ್ಟು ದೊಡ್ಡದು ಅಂತ ಗೊತ್ತಾಗಿರಲಿಲ್ಲ.

ನಮ್ಮ ನೀಲಗಿರಿ ತೋಪಿನ ವಿಚಾರವೂ ಹೀಗೇ. ಕೋಲಾರ, ಬೆಂಗಳೂರು ಗ್ರಾಮಾಂತರದ ಕಡೆ ಯಾರನ್ನು ಕೇಳಿದರೂ ತೋಪಿನ ಬದುವಿನ ಪಕ್ಕದ ರಾಗಿ ಸೊರಗುತ್ತದೆ ಅನ್ನುತ್ತಾರೆ, ಅದು ಕಣ್ಣಿಗೆ ಕಾಣುವ ಸತ್ಯ. ಆದರೆ ಯಾವುದರಿಂದ? ನೀಲಗಿರಿ ಬೇರು ನೀರು ಎಳೆಯುವುದರಿಂದಲೋ, ನೆರಳಿನಿಂದಲೋ, ಎಲೆಯ ಎಣ್ಣೆ, ಫೀನಾಲುಗಳಿಂದಲೋ? ಎಲ್ಲವೂ ಸೇರಿಕೊಂಡಿರುತ್ತವೆ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಲ್ಲಿಸಿತು, ಆ ಚರ್ಚೆಯಲ್ಲಿ ಮುಖ್ಯವಾಗಿ ಬಂದಿದ್ದು ಅಂತರ್ಜಲ. ರಾಗಿ ಬೆಳೆಯುವವನಿಗೆ ಕಾರಣ ಗೊತ್ತಾಗುವುದು ಮುಖ್ಯ. ನೀರಿನ ಪೈಪೋಟಿ ಅಂತಾದರೆ ತೋಪಿನ ಅಂಚಿಗೆ ಆಳವಾದ ಕಂದಕ ತೋಡಿ ಬೇರು ಕಡಿದರೆ ಉಪಯೋಗವಾಗುತ್ತದೆ. ಎಲೆಯ ರಸ ಅಂತಾದರೆ ಕಂದಕದಿಂದ ಏನೂ ಆಗದು, ಎಲೆ ಗುಡಿಸಿ ತೆಗೆಯಬೇಕು.

ಹಾಗಂತ ಎಲ್ಲವನ್ನೂ ಅನುಮಾನಿಸಿ ಕೈಕಟ್ಟಿ ಕೂರುವುದಕ್ಕೂ ನನಗೆ ಮನಸ್ಸಿಲ್ಲ. ಗಟ್ಟಿಯಾಗಿ ಸಾಬೀತಾದ ಕತೆಗಳೂ ಇವೆ, ಅದರಲ್ಲಿ ನನಗೆ ಬಹಳ ಇಷ್ಟವಾದದ್ದು ಹತ್ತಿಯದು.

ಜೋಳದ ಬುಡದಲ್ಲಿ ಬಿಳಿ ಹೂ ಬಿಡುವ ಗೇಣುದ್ದದ ಕಸ ನೋಡಿರುತ್ತೀರಿ. ಕಬ್ಬಿನಲ್ಲೂ ಬರುತ್ತದೆ. ಶಾಸ್ತ್ರದ ಹೆಸರು ಸ್ಟ್ರೈಗಾ. ನೋಡಲು ಪಾಪದ ಗಿಡ, ಕೆಳಗೆ ಅಗೆದು ನೋಡಿದರೆ ಅದರ ಬೇರು ಜೋಳದ ಬೇರಿಗೆ ಬಾಯಿ ಹಾಕಿ ಕೂತಿರುತ್ತದೆ. ಒಂದು ಗಿಡ ಹತ್ತಾರು ಸಾವಿರ ಬೀಜ ಬಿಡುತ್ತದೆ, ಬೀಜ ಅಂದರೆ ಬರೀ ದೂಳು, ಆ ದೂಳು ಮಣ್ಣಿನಲ್ಲಿ ಹತ್ತು ವರ್ಷಕ್ಕೂ ಮೇಲೆ ಕಾಯುತ್ತದೆ. ಏನು ಕಾಯುತ್ತದೆ? ಜೋಳದ ಬೇರು ಹತ್ತಿರ ಬರುವುದನ್ನು. ಜೋಳದ ಬೇರಿನಿಂದ ಹೊರಡುವ ಒಂದು ವಸ್ತು ಅದನ್ನು ಎಬ್ಬಿಸುತ್ತದೆ. ಆ ವಸ್ತು ಇಲ್ಲದಿದ್ದರೆ ಬೀಜ ಮೊಳೆಯುವುದೇ ಇಲ್ಲ, ಎಷ್ಟು ಮಳೆ ಬಂದರೂ. ಮೊಳೆತ ಮೇಲೆ ಕೆಲವೇ ದಿನಗಳಲ್ಲಿ ಆಸರೆಯ ಬೇರು ಸಿಗದಿದ್ದರೆ ಸಾಯುತ್ತದೆ, ಯಾಕೆಂದರೆ ದೂಳಿನಷ್ಟು ಬೀಜದಲ್ಲಿ ಬುತ್ತಿ ಎಷ್ಟು ತಾನೇ ಇದ್ದೀತು.

ಈ ಎಬ್ಬಿಸುವ ವಸ್ತುಗಳಲ್ಲಿ ಮೊದಲನೆಯದನ್ನು 1966ರಲ್ಲಿ ಬೇರ್ಪಡಿಸಿದರು, ಸ್ಟ್ರೈಗೋಲ್ ಅಂತ ಹೆಸರಿಟ್ಟರು. ಸಿಕ್ಕಿದ್ದು ಎಲ್ಲಿ ಗೊತ್ತಾ? ಜೋಳದಲ್ಲಿ ಅಲ್ಲ, ಹತ್ತಿಯ ಬೇರಿನಲ್ಲಿ! ಹತ್ತಿಯ ಮೇಲೆ ಸ್ಟ್ರೈಗಾ ಬದುಕುವುದಿಲ್ಲ. ಆದರೂ ಹತ್ತಿ ಅದನ್ನು ಕರೆಯುತ್ತದೆ. ಬೀಜ ಎದ್ದು ಬರುತ್ತದೆ, ಬಾಯಿ ಹಾಕಲು ಆಗುವುದಿಲ್ಲ, ಹಸಿದು ಸಾಯುತ್ತದೆ. ಊಟಕ್ಕೆ ಕರೆದು ಎಲೆ ಹಾಕದೆ ಕಳಿಸಿದ ಹಾಗೆ. ಸ್ಟ್ರೈಗಾ ಕಾಟ ಇರುವ ಹೊಲದಲ್ಲಿ ಜೋಳದ ಮೇಲೆ ಜೋಳ ಹಾಕಬೇಡಿ, ನಡುವೆ ಹತ್ತಿ ಹಾಕಿ ಅಂತ ಹೇಳುವುದರ ಹಿಂದಿನ ಗುಟ್ಟು ಇದು. ಧಾರವಾಡ, ಹಾವೇರಿ, ಗದಗದ ಕಡೆ ಹತ್ತಿ ಮತ್ತು ಜೋಳ ತಿರುವಿ ಹಾಕುವುದು ಹಳೆಯ ರೂಢಿ, ಈಗ ಎಲ್ಲರೂ ಗೋವಿನಜೋಳದ ಮೇಲೆ ಗೋವಿನಜೋಳ ಹಾಕುತ್ತಾ ಅದನ್ನು ಬಿಟ್ಟಿದ್ದೇವೆ.

ಗಿಡ ಈ ವಸ್ತುವನ್ನು ಯಾಕೆ ಬಿಡುತ್ತದೆ, ಶತ್ರುವನ್ನು ಕರೆಯಲಿಕ್ಕಾ ಅಂತ ನನಗೂ ಅನಿಸಿತ್ತು. 2005ರಲ್ಲಿ ಜಪಾನಿನವರು ಉತ್ತರ ಕೊಟ್ಟರು. ಗಿಡ ಕರೆಯುವುದು ಬೇರಿನ ಜೊತೆ ಬಾಳುವ ಒಂದು ಒಳ್ಳೆಯ ಶಿಲೀಂಧ್ರವನ್ನು, ಅದು ಮಣ್ಣಿನಿಂದ ರಂಜಕ ತಂದುಕೊಡುತ್ತದೆ. ಆ ಕರೆಯನ್ನು ಸ್ಟ್ರೈಗಾ ಕದ್ದು ಕೇಳಿಸಿಕೊಂಡು ಬರುತ್ತದೆ. ಬಡ ನೆಲದಲ್ಲಿ ರಂಜಕ ಕಡಿಮೆಯಾದಾಗ ಜೋಳ ಇನ್ನೂ ಜೋರಾಗಿ ಕರೆಯುತ್ತದೆ, ಹಾಗಾಗಿ ಸ್ಟ್ರೈಗಾ ಕಾಟ ಸತ್ವ ಕಳೆದುಕೊಂಡ ಹೊಲಗಳಲ್ಲೇ ಜಾಸ್ತಿ. ಇಥಿಯೋಪಿಯಾದಲ್ಲಿ ಹುಟ್ಟಿದ ಗೆಬಿಸಾ ಎಜೆಟಾ ಅವರು ಪರ್ಡ್ಯೂನಲ್ಲಿ ಕೂತು ಸ್ಟ್ರೈಗಾ ತಡೆಯುವ ಜೋಳದ ತಳಿಗಳನ್ನು ಕೊಟ್ಟರು. ಬೇರಿನಿಂದ ಈ ಕರೆ ಕಡಿಮೆ ಹೊರಡುವ ಜೋಳಗಳನ್ನು ಹುಡುಕಿ ಹಿಡಿದದ್ದು ಆ ಕೆಲಸದ ಒಂದು ಭಾಗ. 2009ರಲ್ಲಿ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಬಂತು. ಕೀನ್ಯಾದಲ್ಲಿ ಐಸಿಪ್ ಸಂಸ್ಥೆಯ ಜಿಯಾವುರ್ ಖಾನ್, ನಮ್ಮ ದೇಶದಲ್ಲಿ ಹುಟ್ಟಿದವರೇ, ಗೋವಿನಜೋಳದ ಸಾಲಿನ ನಡುವೆ ಡೆಸ್ಮೋಡಿಯಂ ಅನ್ನುವ ದ್ವಿದಳ ಮೇವನ್ನು ಹಾಕಿಸಿದರು. ಅದರ ಬೇರಿನ ಒಂದು ವಸ್ತು ಸ್ಟ್ರೈಗಾ ಬೀಜವನ್ನು ಎಬ್ಬಿಸುತ್ತದೆ, ಇನ್ನೊಂದು ಎದ್ದ ಬೇರನ್ನು ಬೆಳೆಯಲು ಬಿಡುವುದಿಲ್ಲ. ಮೇಲಿನಿಂದ ದನಕ್ಕೆ ಮೇವು. ಕಾಂಡ ಕೊರಕದ ಚಿಟ್ಟೆಗೂ ಅದರ ವಾಸನೆ ಆಗುವುದಿಲ್ಲವಂತೆ. ಸಣ್ಣ ಸಣ್ಣ ಹಿಡುವಳಿಯ ಸಾವಿರಾರು ರೈತರು ಅಲ್ಲಿ ಇದನ್ನು ಮಾಡುತ್ತಿದ್ದಾರೆ.

ಕಂಪನಿಯವರು ಈ ವಿದ್ಯೆಯನ್ನು ಯಾವತ್ತೋ ಬಳಸಿಕೊಂಡಿದ್ದಾರೆ, ಹಿಂದೆ ಬಿದ್ದಿರುವುದು ನಾವು. 1977ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಕಂಪನಿ ವಿಜ್ಞಾನಿ ತನ್ನ ಮನೆಯ ಬಾಟಲ್ ಬ್ರಷ್ ಗಿಡದ ಕೆಳಗೆ ಕಸ ಬಹಳ ಕಡಿಮೆ ಹುಟ್ಟುವುದನ್ನು ಗಮನಿಸಿದ. ಅದೇ, ಬೆಂಗಳೂರಿನ ಪಾರ್ಕುಗಳಲ್ಲಿ ಕೆಂಪು ಬಾಟಲಿ ತೊಳೆಯುವ ಬ್ರಷ್ಷಿನಂಥ ಹೂ ಬಿಡುವ ಗಿಡ. ಆ ನೆಲದ ಮಣ್ಣನ್ನು ತಂದು ಪರೀಕ್ಷೆ ಮಾಡಿದಾಗ ಲೆಪ್ಟೋಸ್ಪರ್ಮೋನ್ ಅನ್ನುವ ವಸ್ತು ಸಿಕ್ಕಿತು. ಕಸ ಎಲೆ ಬೆಳ್ಳಗಾಗಿ ಸಾಯುತ್ತದೆ, ಆದರೆ ಹೊಲಕ್ಕೆ ಆಗುವಷ್ಟು ಜೋರಿಲ್ಲ. ಅದರ ರಚನೆ ನೋಡಿಕೊಂಡು, ತಿದ್ದಿ ತಿದ್ದಿ, ಕೊನೆಗೆ ಮೆಸೋಟ್ರಿಯೋನ್ ಮಾಡಿ 2001ರ ಹೊತ್ತಿಗೆ ಮಾರುಕಟ್ಟೆಗೆ ಬಿಟ್ಟರು. ಇವತ್ತು ದಾವಣಗೆರೆ, ಹಾವೇರಿಯ ಗೋವಿನಜೋಳದ ಹೊಲಗಳಲ್ಲಿ ಔಷಧ ಹೊಡೆದ ವಾರಕ್ಕೆ ಕಸವೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತದಲ್ಲ, ಟೆಂಬೋಟ್ರಿಯೋನ್ ಹೊಡೆದಾಗ, ಅದೂ ಇದೇ ಕುಲದ್ದು. ಒಬ್ಬ ಮನುಷ್ಯ ಹಿತ್ತಲಲ್ಲಿ ನಿಂತು ಇಲ್ಲಿ ಕಸ ಯಾಕೆ ಇಲ್ಲ ಅಂತ ಕೇಳಿಕೊಂಡಿದ್ದಕ್ಕೆ ಇಷ್ಟೆಲ್ಲ ಆಯಿತು. ನಮ್ಮ ಹೊಲಗಳಲ್ಲಿ ಇಂಥ ಜಾಗಗಳು ಎಷ್ಟಿವೆ, ಯಾರು ಕೇಳಿದ್ದಾರೆ?

ಕೇಳಿದವರು ಇಲ್ಲವೇ ಇಲ್ಲ ಅಂದರೆ ತಪ್ಪಾಗುತ್ತದೆ. ಪಾರ್ಥೇನಿಯಂ, ನಾವು ಕಾಂಗ್ರೆಸ್ ಕಸ ಅನ್ನುತ್ತೇವೆ, ಅದು 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದದ್ದು, ನೋಡುನೋಡುತ್ತಾ ಎಲ್ಲ ಕಡೆ ಹಬ್ಬಿತು. ಅದರ ಕಹಿ ವಸ್ತು ಪಾರ್ಥೆನಿನ್ ಪಕ್ಕದ ಗಿಡಗಳನ್ನು ಏಳಲು ಬಿಡುವುದಿಲ್ಲ. ವಿಷವನ್ನು ವಿಷದಿಂದಲೇ ತೆಗೆಯೋಣ ಅಂತ ಕರ್ನಾಟಕದಲ್ಲೇ ಪ್ರಯತ್ನ ಆಗಿದೆ. ಮುಂದೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕುಲಪತಿಯಾದ ಡಾ. ಎಂ. ಮಹದೇವಪ್ಪ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ತಗಚೆಯ ಬಳಗದ ಒಂದು ಕ್ಯಾಸಿಯಾ ಗಿಡವನ್ನು ಇದರ ಎದುರು ನಿಲ್ಲಿಸಿದರು. ಮಳೆಗಾಲಕ್ಕೆ ಮೊದಲು ಅದರ ಬೀಜ ಎರಚಿದರೆ ಅದು ದಟ್ಟವಾಗಿ ಎದ್ದು, ಜಾಗ ಹಿಡಿದು, ತನ್ನ ರಸದಿಂದಲೂ ಪಾರ್ಥೇನಿಯಂ ಬೀಜ ಮೊಳೆಯುವುದನ್ನು ಕಡಿಮೆ ಮಾಡುತ್ತದೆ. ರಸ್ತೆ ಬದಿಗೆ, ಪಾಳು ನೆಲಕ್ಕೆ ಒಳ್ಳೆ ಉಪಾಯ, ಹೊಲದೊಳಗೆ ಬಿಟ್ಟುಕೊಂಡರೆ ಅದೇ ಕಸ ಆಗುತ್ತದೆ. ಪಾರ್ಥೇನಿಯಂ ಎಲೆ ತಿನ್ನಲಿ ಅಂತ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಮೆಕ್ಸಿಕೋದ ದುಂಬಿ ಎಲ್ಲರಿಗೂ ನೆನಪಿದೆ, ಈ ಗಿಡದ ಕೆಲಸ ಮಾತ್ರ ಮರೆತುಹೋಗಿದೆ.

ಚೆಂಡು ಹೂವಿನ ಬಗ್ಗೆ ಒಂದು ಮಾತು, ಯಾಕೆಂದರೆ ಇದರಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಟೊಮೆಟೊ ಹದಿನಾರು ಸಾಲಿಗೆ ಒಂದು ಸಾಲು ಚೆಂಡು ಹೂ ಅಂತ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹೇಳಿದ್ದು ಕಾಯಿಕೊರಕದ ಚಿಟ್ಟೆಯನ್ನು ಹೂವಿನ ಕಡೆ ಎಳೆಯುವುದಕ್ಕೆ. ಬೇರುಗಂಟು ಮಾಡುವ ಜಂತುಹುಳದ ಲೆಕ್ಕ ಬೇರೆ. ಚೆಂಡು ಹೂವಿನ ಬೇರಿನಲ್ಲಿರುವ ಆಲ್ಫಾ ಟರ್ಥಿಯೆನಿಲ್ ಆ ಹುಳಕ್ಕೆ ವಿಷ ಹೌದು, ಆದರೆ ಅದು ಮುಟ್ಟುವುದು ಆ ಬೇರು ಹರಡಿದಷ್ಟು ಜಾಗಕ್ಕೆ ಮಾತ್ರ. ಅಲ್ಲೊಂದು ಇಲ್ಲೊಂದು ಗಿಡ ನೆಟ್ಟರೆ ಹುಳಕ್ಕೆ ಏನೂ ಆಗುವುದಿಲ್ಲ. ಇಡೀ ಮಡಿಗೆ ಎರಡು ಮೂರು ತಿಂಗಳು ಚೆಂಡು ಹೂವನ್ನೇ ಬೆಳೆಯಾಗಿ ಬೆಳೆದು, ಹೂ ಮಾರಿಕೊಂಡು, ಆಮೇಲೆ ಟೊಮೆಟೊ ಹಾಕಬೇಕು. ಎರಡು ಸಲಹೆಗಳನ್ನು ಒಂದು ಮಾಡಿ ಹೇಳುವವರು ರೈತನಿಗೆ ಎರಡನ್ನೂ ಕೆಡಿಸುತ್ತಾರೆ.

ತೋಟದವರಿಗೆ ನಸುಗುನ್ನಿ ಇದೆ, ತುರಿಸುವ ಕಾಡು ಜಾತಿಯದಲ್ಲ, ತುರಿಕೆ ಇಲ್ಲದ ಹೊದಿಕೆ ಬೆಳೆಯ ಜಾತಿ. ಅದರ ಎಲೆ, ಬೇರಿನಲ್ಲಿ ಎಲ್-ಡೋಪಾ ಇದೆ, ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಅದೇ ಔಷಧ. ಕಸದ ಬೇರಿಗೆ ಅದು ಆಗಿಬರುವುದಿಲ್ಲ. ನೆರಳು ಬೇರೆ ಕೊಡುತ್ತದೆ, ಸಾರಜನಕವನ್ನೂ ಕೊಡುತ್ತದೆ.

ಅಕ್ಕಡಿಯ ಬಗ್ಗೆಯೂ ಹೇಳದೆ ಇರಲಾರೆ. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಜೋಳ ಅಂತ ಸಾಲು ಬಿಡುತ್ತಿದ್ದರಲ್ಲ, ಯಾವ ಸಾಲಿನ ಪಕ್ಕ ಯಾವುದು, ಎಷ್ಟು ಸಾಲಿಗೊಂದು ಅನ್ನುವುದೆಲ್ಲ ಲೆಕ್ಕವಿಟ್ಟು ಮಾಡಿದ್ದು. ಅದರಲ್ಲಿ ಮನೆಗೆ ಬೇಕಾದ ಕಾಳು, ಎಣ್ಣೆ, ಹುಳದ ಕಾಟ ಎಲ್ಲ ಇತ್ತು. ಬೇರಿನ ರಸಾಯನ ಎಷ್ಟು ಪಾಲು ಅಂತ ಅಳೆಯಬೇಕಾದದ್ದು ವಿಜ್ಞಾನಿಗಳ ಕೆಲಸ. ಅಜ್ಜಂದಿರಿಗೆ ಎಲ್ಲಾ ಗೊತ್ತಿತ್ತು ಅಂತ ಭಾಷಣ ಹೊಡೆಯುವುದು ಸುಲಭ, ಒಂದು ಸಾಲು ಬಿಟ್ಟು ಒಂದು ಸಾಲು ಅಳೆದು ನೋಡುವುದು ಕಷ್ಟ.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ಕಳೆ ತೆಗೆಯುವ ಆಳಿಲ್ಲ, ಇದ್ದರೂ ಕೂಲಿ ಪೂರೈಸುವುದಿಲ್ಲ. ಎಲ್ಲರೂ ಪಂಪು ಹೆಗಲಿಗೆ ಹಾಕಿಕೊಂಡಿದ್ದೇವೆ. ಹೀಗಿರುವಾಗ ಯಾವ ಬೆಳೆ ಕಸವನ್ನು ತಾನೇ ತಡೆಯುತ್ತದೆ, ಯಾವುದು ಹಿಂದಿನ ಬೆಳೆಯಾಗಿ ಮುಂದಿನದನ್ನು ಕೆಡಿಸುತ್ತದೆ ಅನ್ನುವುದು ನಮಗೆ ಪೇಟೆ ಧಾರಣೆಯಷ್ಟೇ ಬೇಕಾದ ಸುದ್ದಿ. ನಿಮ್ಮ ಕೃಷಿ ಪುಟದಲ್ಲಿ ಧಾರಣೆ ಬರುತ್ತದೆ, ಸಾಧಕ ರೈತರ ಫೋಟೋ ಬರುತ್ತದೆ, ಔಷಧದ ಜಾಹೀರಾತೂ ಬರುತ್ತದೆ. ‘ಯಾವುದರ ಮೇಲೆ ಯಾವುದು’ ಅಂತ ವಾರಕ್ಕೆ ನಾಲ್ಕು ಬೆರಳು ಜಾಗ ಕೊಡಿ. ಒಂದು ವಾರ ಸೂರ್ಯಕಾಂತಿ, ಒಂದು ವಾರ ಜೋಳ, ಒಂದು ವಾರ ಹತ್ತಿ. ಕೃಷಿ ವಿಶ್ವವಿದ್ಯಾಲಯದವರನ್ನೇ ಕೇಳಿ ಬರೆಸಿ, ಆದರೆ ತಟ್ಟೆಯಲ್ಲಿ ಮಾಡಿದ್ದನ್ನಲ್ಲ, ಹೊಲದಲ್ಲಿ ಮಾಡಿದ್ದನ್ನು. ಎರೆ (ಕಪ್ಪು ಮಣ್ಣು), ಮಸಾರಿ (ಕೆಂಪು ಮಣ್ಣು) ಬೇರೆ ಬೇರೆಯಾಗಿ, ದಿನದ ಲೆಕ್ಕ ಹಾಕಿ.

ಮೊದಲ ಪ್ರಶ್ನೆ ನನ್ನದೇ ಇರಲಿ: ಮುಂಗಾರಿ ಜೋಳ ಕೊಯ್ದ ಎರೆ ಹೊಲಕ್ಕೆ ಕೂಳೆ ಆರಿಸಿ ತೆಗೆದರೆ ಎಷ್ಟು ದಿನಕ್ಕೆ ಕಡಲೆ ಬಿತ್ತಬಹುದು, ಕೂಳೆ ಸಮೇತ ಹರಗಿದರೆ ಎಷ್ಟು ದಿನ ಬಿಡಬೇಕು? ಈ ಸಲ ನಾನೂ ನಾಲ್ಕು ಪಟ್ಟಿ ಮಾಡಿದ್ದೇನೆ. ಎರಡರಲ್ಲಿ ಕೂಳೆ ಆರಿಸಿದ್ದೇನೆ, ಎರಡರಲ್ಲಿ ಬಿಟ್ಟಿದ್ದೇನೆ, ಬಿಟ್ಟ ಎರಡರಲ್ಲಿ ಒಂದಕ್ಕೆ ಮಾತ್ರ ಮಾಸ್ತರು ಹೇಳಿದ ಹಾಗೆ ಯೂರಿಯಾ. ಅವ್ವ ದಿನಾ ಬದುವಿನ ಮೇಲೆ ನಿಂತು ನೋಡಿ ನಗುತ್ತಾಳೆ. ಕಡಲೆ ಹೂ ಬಿಟ್ಟ ಮೇಲೆ ಮತ್ತೆ ಬರೆಯುತ್ತೇನೆ.

ಇತಿ,
ಒಬ್ಬ ರೈತ, ಹಾವೇರಿ ಜಿಲ್ಲೆ